ಅಲಾಯಿ ಕುಣಿಯಲ್ಲಿ ಒಂದು ಮೊಳೆ

7 ಜುಲೈ 2025, ಸೋಮವಾರ
ಕಲಬುರಗಿ

ಇವತ್ತು ಕಾಲೇಜಿಗೆ ರಜೆ ಹಾಕಿದ್ದೇನೆ. ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ಬರೆಯುತ್ತಿದ್ದೇನೆ. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಎಂಟಾಣೆ ಬಿಲ್ಲೆಯಷ್ಟು ಅಗಲದ ಗುಳ್ಳೆ ಎದ್ದಿದೆ. ಉಳಿದ ಅಂಗಾಲಿಗೆ ಏನೂ ಆಗಿಲ್ಲ. ಎಡಗಾಲಂತೂ ಬೂದಿ ತೊಳೆದ ಮೇಲೆ ಕೆಂಡ ತುಳಿದ ಕಾಲೇ ಅಲ್ಲ ಅನ್ನುವ ಹಾಗಿದೆ.

ನಿನ್ನೆ ಬೆಳಗಿನ ಜಾವ ಊರಲ್ಲಿ ಅಲಾಯಿ ಹಾಯ್ದೆ, ಅಂದರೆ ಮೊಹರಂನ ಕೆಂಡದ ಕುಣಿ ದಾಟಿದೆ. 42 ವರ್ಷಕ್ಕೆ ಇದೇ ಮೊದಲು.

ನಮ್ಮೂರು ಚಿತ್ತಾಪುರದ ಕಡೆ. ಮುಸ್ಲಿಮರ ಮನೆ ಬೆರಳೆಣಿಕೆಯಷ್ಟು, ಮೊಹರಂ ಮಾತ್ರ ಇಡೀ ಊರಿನದು. ಚಂದ್ರ ಕಂಡ ಮೇಲೆ ಗುದ್ದಲಿ ಬೀಳುತ್ತದೆ, ದುಂಡಗೆ ಕುಣಿ ತೋಡುತ್ತಾರೆ. ದೇವರು, ಅಂದರೆ ಪಂಜಾಗಳು, ಕೂಡುತ್ತವೆ. ಮನೆಮನೆಯಿಂದ ಸಕ್ಕರೆ, ಚೊಂಗೆ ಬರುತ್ತವೆ. ಹರಕೆ ಹೊತ್ತ ಹುಡುಗರು ಲಾಡಿ ಅನ್ನುವ ದಾರ ಹಾಕಿಕೊಂಡು ಫಕೀರರಾಗುತ್ತಾರೆ. ಒಂಬತ್ತನೇ ದಿನ ಕತಲ್ ರಾತ್ರಿ. ಕತಲ್ ಅಂದರೆ ಕೊಲೆ. ನಮ್ಮವರ ಬಾಯಲ್ಲಿ ಅದು ಎಂದೋ ಕತ್ತಲ ರಾತ್ರಿ ಆಗಿಬಿಟ್ಟಿದೆ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಮಡಿದ ಕತೆಯ ರಿವಾಯತ್ ಪದ ಶುರುವಾದರೆ ಹಣೆ ತುಂಬ ವಿಭೂತಿ ಹಚ್ಚಿಕೊಂಡ ನಮ್ಮ ಓಣಿಯ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಇದರಲ್ಲಿ ವಿಶೇಷ ಏನಿದೆ ಅಂತ ಕೇಳುವ ಊರು ನಮ್ಮದು.

ಶನಿವಾರ ಸಂಜೆ ಟಂಟಂನಲ್ಲಿ ಕಟ್ಟಿಗೆ ಬಂದು ಬಿತ್ತು. ಜಾಲಿ ಬೊಡ್ಡೆ, ಬೇವಿನ ಟೊಂಗೆ, ಯಾರದೋ ಮನೆ ಬಿಚ್ಚಿದ ಬಾಗಿಲ ಚೌಕಟ್ಟು. ರಾತ್ರಿ ಬೆಂಕಿ ಹಚ್ಚಿದಾಗ ಉರಿ ಆಳೆತ್ತರ. ಸುತ್ತಲೂ ಹಲಗೆ ಬಾರಿಸುತ್ತ ಹೆಜ್ಜೆ ಹಾಕುವವರು. ಹರಕೆಯವರು ಉಪ್ಪು ಎರಚಿದಾಗೆಲ್ಲ ಚಟಪಟ ಸಿಡಿದು ಉರಿ ಹಳದಿಗೆ ತಿರುಗುತ್ತಿತ್ತು. ಕ್ಲಾಸಿನಲ್ಲಿ ಸೋಡಿಯಂ ಜ್ವಾಲೆ ತೋರಿಸಲು ನಾನು ಪಡುವ ಪಾಡು ನೆನಪಾಯಿತು. ಇಲ್ಲಿ ಸೇರುಗಟ್ಟಲೆ ಉಪ್ಪು!

ನಾಲ್ಕು ಗಂಟೆ ಹೊತ್ತಿಗೆ ಉರಿ ಇಳಿದಿತ್ತು. ಉದ್ದ ಗಳದಿಂದ ಕೆಂಡ ಹರವಿದರು. ಒಬ್ಬ ಮೊರದಿಂದ ಗಾಳಿ ಬೀಸಿದ. ಬೂದಿ ಹಾರಿದ ಕಡೆಯೆಲ್ಲ ಕೆಂಡ ಕಣ್ಣು ಬಿಟ್ಟಿತು. ಮುಜಾವರ ಅಜ್ಜ ಸಾಲಲ್ಲಿ ನಿಂತವರ ಕಾಲನ್ನು ಬ್ಯಾಟರಿ ಬಿಟ್ಟು ನೋಡುತ್ತ ಬಂದ.

"ಕಾಲಾಗ ಕಡಗ, ಉಂಗುರ ಏನೂ ಇರಬಾರ್ದು. ಉರಿ ಇದ್ದಾಗ ಇಳೀಬಾರ್ದು. ಒಳಗ ನಿಂದ್ರಬಾರ್ದು, ಓಡಲೂಬಾರ್ದು. ಹೊಲದಾಗ ನಡದಂಗ ನಡೀರಿ."

ಅಜ್ಜನಿಗೆ ಇದು ದೇವರ ಕಟ್ಟಳೆ. ನಾನು ಪಿಯು ಮಕ್ಕಳಿಗೆ ಫಿಜಿಕ್ಸ್ ಹೇಳುವವನು, ನನಗೆ ಇದರಲ್ಲಿ ಒಂದು ಮಾತನ್ನೂ ತೆಗೆದುಹಾಕುವಂಥದ್ದು ಕಾಣಲಿಲ್ಲ. ಓಡಿದರೆ ಬೆರಳು ಕೆಂಡದೊಳಗೆ ಹುಗಿಯುತ್ತದೆ, ಕೆಂಡ ಚಿಮ್ಮಿ ಪಾದದ ಮೇಲೆ ಬೀಳುತ್ತದೆ. ಅಲ್ಲಿನ ಚರ್ಮ ಬಹಳ ತೆಳು.

ನನ್ನ ಹಿಂದೆ ಕಾಕಾ ನಿಂತಿದ್ದ. ಅವನಿಗೆ ಹತ್ತು ವರ್ಷದಿಂದ ಶುಗರ್ ಇದೆ. ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗಲ್ಲ ಅಂತ ಅವನೇ ನಗುತ್ತ ಹೇಳುತ್ತಿರುತ್ತಾನೆ. "ಕಾಕಾ, ನೀ ಬ್ಯಾಡ," ಅಂದೆ. "ಚಿಕ್ಕಂದಿನಿಂದ ಹಾಯ್ದೀನಿ, ನೀ ಯಾವೂರ ದೊಣಿನಾಯಕ?" ಅಂದ. ಕಾಲಿನ ನರ ಸತ್ತಿದ್ದರೆ ಸುಟ್ಟದ್ದು ತಿಳಿಯುವುದಿಲ್ಲ, ತಿಳಿಯದೆ ನಿಧಾನ ಮಾಡುತ್ತಾರೆ, ಆಮೇಲೆ ಗಾಯ ಮಾಯುವುದಿಲ್ಲ. ಬೆರಳು ತೆಗೆಯುವ ತನಕ ಹೋಗಬಹುದು. ಇಷ್ಟು ಹೇಳುವಷ್ಟರಲ್ಲಿ ನನ್ನ ಸರದಿಯೇ ಬರುವ ಹಾಗಿತ್ತು. ಕೊನೆಗೆ ಅಜ್ಜನೇ ಬಂದು, "ಒಂದು ಹಿಡಿ ಉಪ್ಪು ಹಾಕು, ಮುಟ್ಟತದ," ಅಂದ. ಕಾಕಾ ಸುಮ್ಮನೆ ಪಕ್ಕಕ್ಕೆ ಸರಿದ. ನನ್ನ ಎಂಎಸ್ಸಿಗೆ ಆಗದ ಕೆಲಸ.

ಸಂಜೆ ಸಣ್ಣ ಮಳೆ ಹನಿದು ಕುಣಿಯ ಸುತ್ತ ರಾಡಿಯಾಗಿತ್ತು. ಒದ್ದೆ ಕಾಲಿಗೆ ಕೆಂಡ ಅಂಟಿಕೊಳ್ಳುತ್ತದೆ, ಅಂಟಿಕೊಂಡದ್ದು ಸುಡದೇ ಬಿಡುವುದಿಲ್ಲ. ಪಂಚೆಯ ತುದಿಯಿಂದ ಎರಡೂ ಕಾಲು ಒರೆಸಿಕೊಂಡು ಇಳಿದೆ.

ನಾಲ್ಕೇ ಹೆಜ್ಜೆ. ಮುಖಕ್ಕೆ, ಮೊಣಕಾಲಿನ ಕೆಳಗೆ ಝಳ ಬಡಿಯಿತು. ಅಂಗಾಲಿಗೆ ಮಾತ್ರ ಹುರಿಗಡಲೆ ತುಳಿದ ಹಾಗೆ ಕರಕರ ಅಂತು ಅಷ್ಟೆ, ಬಿಸಿ ಅಂತ ಹೇಳುವ ಮೊದಲೇ ಕಾಲು ಎತ್ತಾಗಿತ್ತು. ಮೂರನೇ ಹೆಜ್ಜೆಗೆ ಸೂಜಿ ಚುಚ್ಚಿದ ಹಾಗಾಯಿತು. ನಾಲ್ಕನೆಯದು ಮಣ್ಣು.

ದಾಟಿ ತಿರುಗಿ ನೋಡಿದೆ. ಕೆಂಡದ ಮೇಲೆ ನನ್ನ ಹೆಜ್ಜೆ ಕಪ್ಪಗೆ ಮೂಡಿದ್ದವು. ಐದೂ ಬೆರಳು, ಹಿಮ್ಮಡಿ. ನೋಡುನೋಡುತ್ತಲೇ ಅಂಚಿನಿಂದ ಒಳಗೆ ಕೆಂಪೇರಿ ಅಳಿಸಿಹೋದವು. ಕೆಂಡದ ಮೈಯಲ್ಲಿದ್ದ ಬಿಸಿ ನನ್ನ ಕಾಲಿಗೆ ಬಂತು, ಒಳಗಿನ ಬಿಸಿ ಮೇಲಕ್ಕೆ ಬರಲು ತಡವಾಯಿತು, ಅಷ್ಟು ಹೊತ್ತು ಆ ಜಾಗ ಕಪ್ಪು. ಪುಸ್ತಕದಲ್ಲಿ ಉಷ್ಣವಾಹಕತೆ ಕಡಿಮೆ ಅಂತ ಬರೆದಿರುವುದು ಇದನ್ನೇ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಕಣ್ಣಾರೆ ಕಂಡದ್ದು ನಿನ್ನೆ.

ಅವ್ವ ಒಲೆಯಿಂದ ಉರುಳಿದ ಕೆಂಡವನ್ನು ಬೆರಳಲ್ಲೇ ಎತ್ತಿ ಒಳಗೆ ಹಾಕುತ್ತಿದ್ದಳು. ಅದೇ ಒಲೆ ಮೇಲಿನ ರೊಟ್ಟಿ ಹಂಚನ್ನು ಬಟ್ಟೆ ಇಲ್ಲದೆ ಮುಟ್ಟಿದವಳಲ್ಲ. ಹಂಚಿಗಿಂತ ಕೆಂಡದ ಬಿಸಿಯೇ ಜಾಸ್ತಿ, ಅಲ್ವಾ? ಬಿಸಿ ಎಷ್ಟಿದೆ ಅನ್ನುವುದು ಒಂದು ಮಾತು, ಅದು ಎಷ್ಟು ಬೇಗ ಕೈಗೆ ಬರುತ್ತದೆ ಅನ್ನುವುದು ಇನ್ನೊಂದು ಮಾತು. ನಮ್ಮ ಕಡೆಯವರಿಗೆ ಇದಕ್ಕೆ ಪರಸಿ ಸಾಕು. ಮೇ ತಿಂಗಳ ಮಧ್ಯಾಹ್ನ ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಲ್ಲಿ ಹೋದವರು ಕುಣಿಯದೇ ಬರುವುದಿಲ್ಲ. ಆ ಕಲ್ಲು 60 ಡಿಗ್ರಿ ಇದ್ದರೆ ಹೆಚ್ಚು. ಕೆಂಪಗೆ ಹೊಳೆಯುವ ಕೆಂಡ 500 ದಾಟಿರುತ್ತದೆ.

ಮಧ್ಯಾಹ್ನ ಸುಮ್ನೆ ಕೂರಲಾರದೆ ಲೆಕ್ಕ ಹಾಕಿದೆ. ಎರಡು ವಸ್ತು ತಾಗಿದ ಗಳಿಗೆಯಲ್ಲಿ ನಡುವೆ ಎಷ್ಟು ಬಿಸಿ ಇರುತ್ತದೆ ಅನ್ನುವುದನ್ನು ಮೂರು ಸಂಗತಿ ನಿರ್ಧರಿಸುತ್ತವೆ: ವಾಹಕತೆ, ಸಾಂದ್ರತೆ, ವಿಶಿಷ್ಟ ಉಷ್ಣ. ಮೂರನ್ನೂ ಗುಣಿಸಿ ವರ್ಗಮೂಲ ತೆಗೆದರೆ ಇದ್ದಿಲಿಗೆ ಸುಮಾರು 170, ಚರ್ಮಕ್ಕೆ 1,200, ಕಬ್ಬಿಣಕ್ಕೆ 16,000ದ ಮೇಲೆ ಬರುತ್ತದೆ. ಯಾರ ಅಂಕಿ ದೊಡ್ಡದೋ ಅವರ ಮಾತೇ ನಡೆಯುವುದು. ಕೆಂಡ 550 ಡಿಗ್ರಿ, ಕಾಲು 35 ಅಂದುಕೊಂಡರೆ, ತಾಗಿದ ಜಾಗ ನೂರರ ಆಸುಪಾಸಿಗೆ ಇಳಿದುಬಿಡುತ್ತದೆ. ಮೇಲೆ ಬೂದಿ ಇದ್ದರೆ ಇನ್ನೂ ಕಡಿಮೆ. ನೂರೂ ಸುಡುತ್ತದೆ, ಸರಿ. ಆದರೆ ಒಂದು ಹೆಜ್ಜೆ ತಾಗಿರುವುದು ಅರ್ಧ ಸೆಕೆಂಡ್. ಅಷ್ಟರಲ್ಲಿ ಬಿಸಿ ಚರ್ಮದೊಳಗೆ ಇಳಿಯುವುದು ಕಾಲು ಮಿಲಿಮೀಟರಿನಷ್ಟು. ಅಂಗಾಲಿನ ಮೇಲ್ಪದರ ಅದಕ್ಕಿಂತ ದಪ್ಪ, ಬರಿಗಾಲಲ್ಲಿ ಹೊಲ ಸುತ್ತಿದವರದು ಇನ್ನೂ ದಪ್ಪ. ಜೀವ ಇರುವ ಪದರಕ್ಕೆ ಸುದ್ದಿ ಮುಟ್ಟುವ ಮೊದಲೇ ಕಾಲು ಮೇಲೆ ಎದ್ದಿರುತ್ತದೆ.

ಇದನ್ನು 1935ರಲ್ಲೇ ಇಂಗ್ಲೆಂಡಿನಲ್ಲಿ ಪರೀಕ್ಷೆ ಮಾಡಿದ್ದರು. ಹ್ಯಾರಿ ಪ್ರೈಸ್ ಎಂಬಾತ ನಮ್ಮ ಕಾಶ್ಮೀರದ ಖುದಾ ಬಕ್ಷ್ ಅವರನ್ನು ವಿಜ್ಞಾನಿಗಳು, ಡಾಕ್ಟರುಗಳ ಮುಂದೆ ಕೆಂಡದ ಮೇಲೆ ನಡೆಸಿದ. ಕಾಲು ತೊಳೆಸಿ, ಏನೂ ಹಚ್ಚಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಕೆಂಡದ ಮೇಲ್ಮೈ 430 ಡಿಗ್ರಿ ಇತ್ತು, ಅವರ ಕಾಲು ಸುಡಲಿಲ್ಲ. 1937ರಲ್ಲಿ ರೆಜಿನಾಲ್ಡ್ ಆಡ್‌ಕಾಕ್ ಎಂಬ ಇಂಗ್ಲಿಷಿನವನೂ ನಡೆದು ತೋರಿಸಿದ. ಉಪವಾಸವಿಲ್ಲ, ಮಂತ್ರವಿಲ್ಲ. ಆದರೆ ಫಿಜಿಕ್ಸ್ ನಂಬಿದವರಿಗೂ ವಿನಾಯಿತಿ ಇಲ್ಲ. ಅಮೆರಿಕದ ಜರ್ಲ್ ವಾಕರ್ ಎಂಬ ಮೇಷ್ಟ್ರು ಪಾಠಕ್ಕೆಂದೇ ಎಷ್ಟೋ ಸಲ ಕೆಂಡ ತುಳಿದು, ಧೈರ್ಯ ಜಾಸ್ತಿಯಾಗಿ, ಒಂದು ಸಲ ಕಾಲು ಸುಟ್ಟುಕೊಂಡ. 2016ರಲ್ಲಿ ಡಲ್ಲಾಸ್‌ನಲ್ಲಿ ಆತ್ಮವಿಶ್ವಾಸ ಹೆಚ್ಚಿಸುವ ಶಿಬಿರವೊಂದರಲ್ಲಿ 30ಕ್ಕೂ ಹೆಚ್ಚು ಜನ ಸುಟ್ಟುಕೊಂಡರು. ನಡುವೆ ಫೋಟೊಗೆ ನಿಂತವರೂ ಇದ್ದರಂತೆ. ನಮ್ಮ ಅಜ್ಜನ ಮಾತು ಅಲ್ಲಿಗೆ ಮುಟ್ಟಿರಲಿಲ್ಲ.

ಹಾಗಾದರೆ ನನ್ನ ಗುಳ್ಳೆ?

ಊರಿನವರು ಐದು ನಿಮಿಷದಲ್ಲಿ ತೀರ್ಪು ಕೊಟ್ಟರು. ಒಬ್ಬರು "ನಿಯತ್ತ ಸರಿ ಇಲ್ಲ" ಅಂದರು. ಇನ್ನೊಬ್ಬರು ಶನಿವಾರ ಕಲಬುರಗಿಯಲ್ಲಿ ನಾನು ಏನು ತಿಂದೆ ಅಂತ ವಿಚಾರಿಸಿದರು. ಮೊಟ್ಟೆ ತಿಂದಿದ್ದೆ, ಹೇಳಲಿಲ್ಲ. ಟೂತ್‌ಪೇಸ್ಟ್ ಹಿಡಿದುಕೊಂಡು ಬಂದವರನ್ನು ತಡೆದು ನಳದ ಕೆಳಗೆ ಕಾಲಿಟ್ಟು 20 ನಿಮಿಷ ಕೂತೆ. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರಿಗಿಂತ ಒಳ್ಳೆಯದಿಲ್ಲ. ಪೇಸ್ಟೂ ಬೇಡ, ಐಸೂ ಬೇಡ. ಹೆಂಡತಿ ಪಕ್ಕದಲ್ಲಿ ನಿಂತು ಏನೂ ಮಾತಾಡಲಿಲ್ಲ. ಆಮೇಲೆ, "ನೀವು ಇಳಿದಾಗ ನನ್ನ ಎದಿ ಹೊಡಕೊಂಡಿದ್ದು ನಿಮಗೆ ಕೇಳಿಸಿರಬೇಕು," ಅಂದಳು. ಸ್ಪೇನಿನ ಸ್ಯಾನ್ ಪೆಡ್ರೊ ಮ್ಯಾನ್ರಿಕೆ ಎಂಬ ಹಳ್ಳಿಯಲ್ಲಿ ಇಂಥದ್ದನ್ನೇ ಅಳೆದಿದ್ದಾರೆ. 2011ರಲ್ಲಿ ಪ್ರಕಟವಾದ ಅಧ್ಯಯನ ಅದು. ಕೆಂಡ ಹಾಯುವವರ ಎದೆಬಡಿತ ಮತ್ತು ನೋಡುತ್ತ ನಿಂತ ಅವರ ಮನೆಯವರ ಎದೆಬಡಿತ ಒಂದೇ ರೀತಿ ಏರಿಳಿದಿತ್ತು. ಸಂಬಂಧವಿಲ್ಲದ ಪ್ರೇಕ್ಷಕರದು ಹಾಗಿರಲಿಲ್ಲ. ಇದನ್ನು ಅವಳಿಗೆ ಹೇಳಿದೆ. "ಅದಕ್ಕ ಮಷೀನ್ ಬೇಕೇನು?" ಅಂದಳು.

ಬೆಳಕು ಹರಿದ ಮೇಲೆ ಅಜ್ಜನನ್ನು ಕೇಳಿ, ಕುಂಟುತ್ತ ಹೋಗಿ ಮೂರನೇ ಹೆಜ್ಜೆಯ ಜಾಗವನ್ನು ಕೋಲಿನಿಂದ ಕೆದಕಿದೆ. ಬೂದಿಯಲ್ಲಿ ಏಳು ಮೊಳೆ ಸಿಕ್ಕವು. ಕಮ್ಮಾರ ಬಡಿದು ಮಾಡಿದ, ಅಗಲ ತಲೆಯ ಹಳೇ ಮೊಳೆ. ಒಂದನ್ನು ಆರಿಸಿ ಗುಳ್ಳೆಯ ಪಕ್ಕ ಹಿಡಿದೆ. ಅಳತೆ ತೆಗೆದು ಮಾಡಿದ ಹಾಗಿತ್ತು. ಮೊಳೆಯೂ 550, ಪಕ್ಕದ ಕೆಂಡವೂ 550. ನನ್ನ ಲೆಕ್ಕದಲ್ಲಿ ಕಬ್ಬಿಣ ತಾಗಿದ ಜಾಗ 500 ದಾಟುತ್ತದೆ.

ಈಗ ಸಂಜೆ ಕಾಕಾನಿಗೆ ಫೋನ್ ಮಾಡಿದ್ದೆ. ಮೊಳೆಯ ವಿಷಯ ಹೇಳಿ, ಮೊಳೆ ಇರುವ ಚೌಕಟ್ಟನ್ನು ಅಲಾಯಿಗೆ ತಂದು ಹಾಕಿದವರು ಯಾರು ಅಂತ ಸಿಟ್ಟಿನಲ್ಲೇ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಅದು ನಮ್ಮ ಹಳೇ ಮನಿ ಚೌಕಟ್ಟ ಅಲ್ಲೇನೋ ತಮ್ಮಾ. ಬ್ಯಾಸಗಿಗೆ ಬಂದಾಗ ನೀನೇ ಅಂದಿದ್ದಿ, ಅಂಗಳ ಬಳೀರಿ, ಇದನ್ನ ಯಾರಿಗರೆ ಕೊಡ್ರಿ ಅಂತ."

ಇರಲಿ ಬಿಡು ಅಂದೆ.

"ಉಳಿದ ಆರು ಎಲ್ಲಿಟ್ಟಿ? ಒಗೀಬ್ಯಾಡ. ಮುತ್ಯಾ ಹೊಡೆದ ಮೊಳಿ ಅವು."