ಕಾಲಲ್ಲಿ ಗುದ್ದಲಿ

"ಮಾಮ, ಇದರ ಕಾಲಲ್ಲಿ ಗುದ್ದಲಿ ಇದೆ!"

ಮಂಗಳವಾರ ರಾತ್ರಿ ಅಕ್ಕನ ಮಗ ಹೇಳಿದ ಮಾತು. ನಾಲ್ಕು ದಿನ ಆಯ್ತು, ಇನ್ನೂ ಕಿವಿಯಲ್ಲೇ ಇದೆ.

ಮುಳಬಾಗಿಲಿನ ಹತ್ತಿರ ಅಕ್ಕನ ಊರು. ಸಂಜೆ ಜೋರು ಮಳೆ. ಕತ್ತಲಾಗುತ್ತಿದ್ದಂತೆ ಹಿತ್ತಲಾಚೆಯ ಹೊಂಡದಿಂದ ಶುರುವಾಯಿತು ನೋಡಿ, ಟಿವಿ ಕೇಳಿಸದಷ್ಟು ಗದ್ದಲ. "ಕಪ್ಪೆ ನೋಡೋಕೆ ರಾತ್ರಿ ಹೋಗ್ತಾರಾ?" ಅಂತ ಭಾವ ಗೊಣಗಿದರು. ಒಳ್ಳೆಯ ಮನುಷ್ಯ, ಆದರೆ ಮಳೆ ಬಂದರೆ ಅವರಿಗೆ ಕಾಣೋದು ಕೆಸರು ಮಾತ್ರ. ನಾನೂ ಹುಡುಗನೂ ಟಾರ್ಚ್ ಹಿಡಿದು ಹೊರಟೆವು.

ನೀರಿನ ತುಂಬ ಮೈಗೆಲ್ಲ ಅರಿಶಿನ ಬಳಿದುಕೊಂಡಂಥ ಗಂಡು ಗೂಳಿಕಪ್ಪೆಗಳು. ಕೂಗಿದಾಗಲೆಲ್ಲ ಗಂಟಲಿನ ಎರಡೂ ಬದಿ ನೀಲಿ ಬಲೂನು ಉಬ್ಬುತ್ತಿತ್ತು. ಈ ಹಳದಿ ಬಣ್ಣ ಬರೋದು ಹೆಣ್ಣನ್ನು ಕರೆಯುವ ದಿನಗಳಲ್ಲಿ ಮಾತ್ರ. ದಡದಲ್ಲಿ ಮಾಸಲು ಬಣ್ಣದ್ದೊಂದು ಗುಂಡಗೆ ಕೂತಿತ್ತು. ಇದೂ ಅದೇ, ಹೆಣ್ಣಿರಬೇಕು ಅಂದುಬಿಟ್ಟೆ. ಹುಡುಗ ಒಪ್ಪಲಿಲ್ಲ. ಒದ್ದೆ ಕೈಯಲ್ಲಿ ಮೆಲ್ಲಗೆ ಎತ್ತಿ, ಹಿಂಗಾಲಿನ ಅಡಿ ತೋರಿಸಿ ಆ ಮಾತು ಹೇಳಿದ.

ಒಳಬೆರಳಿನ ಬುಡದಲ್ಲಿ ಸಲಿಕೆಯ ಬಾಯಿಯಂಥ ಗಟ್ಟಿ ಅಂಚು. ಗೂಳಿಕಪ್ಪೆಗೆ ಅಲ್ಲಿ ಮೊಂಡಾದ ಸಣ್ಣ ಗಂಟಷ್ಟೇ. ಮನೆಗೆ ಬಂದು ಹುಡುಕಿದೆ. ಇದು ಗೂಳಿಕಪ್ಪೆಯ ದಾಯಾದಿಯಂತೆ, ಹೆಸರು ಜರ್ಡನ್ ಗೂಳಿಕಪ್ಪೆ. 19ನೇ ಶತಮಾನದಲ್ಲಿ ಮದ್ರಾಸ್ ಸೇನೆಯಲ್ಲಿದ್ದ ವೈದ್ಯ ಜರ್ಡನ್ ಇದನ್ನು ಮೊದಲು ವಿವರಿಸಿದ್ದು. ಒಣಗಾಲದಲ್ಲಿ ಆ ಗುದ್ದಲಿಯಿಂದಲೇ ಮಣ್ಣು ತೋಡಿಕೊಂಡು ಒಳಗಿಳಿದು ಕೂರುತ್ತದೆ.

ಕಾಲಲ್ಲಿ ಗುದ್ದಲಿ! ಇದೇ ಮಣ್ಣಲ್ಲಿ ಬೆಳೆದ ನಾನು ಒಂದು ದಿನವಾದರೂ ಬಗ್ಗಿ ನೋಡಿದವನಲ್ಲ. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ನಾವೂ ನೀರಿಗಾಗಿ ಕೊರೆದದ್ದೇ ಕೊರೆದದ್ದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಕೆರೆ ತುಂಬಿದ್ದು ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಈ ಕಪ್ಪೆಗಳು ಮಾತ್ರ ಮೊಟ್ಟೆಯಿಡಲು ಹುಡುಕುವುದು ಮಳೆಗೆ ತುಂಬಿ ಆಮೇಲೆ ಬತ್ತುವ ಗುಂಡಿಗಳನ್ನು. ಅಲ್ಲಿ ಗೊದಮೊಟ್ಟೆ ತಿನ್ನುವ ಮೀನಿನ ಕಾಟ ಇರಲ್ಲ. ಅಂಥ ಗುಂಡಿ ಕಂಡರೆ ನಮಗೆ ಆಗಲ್ಲ. ಲೋಡುಗಟ್ಟಲೆ ಮಣ್ಣು ಹೊಡೆಸಿ ಸೈಟ್ ಮಾಡುತ್ತೇವೆ. ಹಿಂದೆ ಗೂಳಿಕಪ್ಪೆಗಳನ್ನು ಕಾಲಿನ ಮಾಂಸಕ್ಕಾಗಿ ಹಿಡಿದು ವಿದೇಶಕ್ಕೆ ಕಳಿಸುತ್ತಿದ್ದರು. 1987ರಲ್ಲಿ ಸರ್ಕಾರ ಆ ರಫ್ತು ನಿಲ್ಲಿಸಿತು. ಗುಂಡಿ ಮುಚ್ಚೋದನ್ನು ಯಾರು ನಿಲ್ಲಿಸ್ತಾರೆ?

ಹೊಂಡ ಭಾವನದೇ. ಮುಂದಿನ ತಿಂಗಳು ಮುಚ್ಚಿಸ್ತಾರಂತೆ.

ನಿನ್ನೆ ಹುಡುಗ ಫೋನ್ ಮಾಡಿದ್ದ. "ಮಾಮ, ಹಳದಿದು ಹೆಂಗೋ ಬೇರೆ ಕಡೆ ಹೋಗುತ್ತೆ. ಗುದ್ದಲಿದು ಮಣ್ಣೊಳಗೇ ಇದ್ರೆ? ಅದರ ಮೇಲೆ ಲಾರಿ ಮಣ್ಣು ಹಾಕಿದ್ರೆ ಎದ್ದು ಬರುತ್ತಾ?"

ಭಾನುವಾರ ಮತ್ತೆ ಹೊರಟಿದ್ದೇನೆ. ಮಳೆ ಬಂದರೆ ಭಾವನನ್ನೂ ಹೊಂಡದ ಹತ್ತಿರ ಕರೆದುಕೊಂಡು ಹೋಗಬೇಕು. ಟಾರ್ಚ್ ಅವರ ಕೈಗೇ ಕೊಡ್ತೀನಿ.