ಟಿಕೆಟ್ ಮೇಲಿನ ಸಮಯ ಬಿಡಿಸಿ ಹೇಳುವುದೂ ನಮ್ಮ ಕೆಲಸ

ಶಿವಮೊಗ್ಗದಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಕೆಲಸ ನನ್ನದು. ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೊರಟ ಅಪ್ಪ ಅಮ್ಮಂದಿರೇ ನಮ್ಮಲ್ಲಿಗೆ ಜಾಸ್ತಿ ಬರುತ್ತಾರೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರು. ಕೂತ ಕೂಡಲೇ ಕೇಳುವುದು, "ಎಷ್ಟು ದೂರ, ಎಷ್ಟು ಹೊತ್ತು?"

ದೂರ ಹೇಳುವುದು ಸುಲಭ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 14,000 ಕಿ.ಮೀ. ನನ್ನ ಮೇಜಿನ ಮೇಲೆ ಒಂದು ಗ್ಲೋಬು, ಒಂದು ತುಂಡು ದಾರ ಇಟ್ಟುಕೊಂಡಿದ್ದೇನೆ. ಎರಡೂ ಊರಿಗೆ ದಾರ ಬಿಗಿಯಾಗಿ ಹಿಡಿದರೆ ಅದು ಉತ್ತರಕ್ಕೆ ಏರಿ, ಹಿಮಾಲಯ, ಚೀನಾ, ಸೈಬೀರಿಯಾ ದಾಟಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ವಿಮಾನ ಅದೇ ಗೆರೆ ಹಿಡಿಯಬೇಕೆಂದೇನಿಲ್ಲ, ಗಾಳಿ ನೋಡಿಕೊಂಡು ದಾರಿ ಬದಲಿಸುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ವಿಮಾನ ಶುರು ಮಾಡಿದಾಗ, ಅಲ್ಲಿಂದ ಹೊರಟ ಮೊದಲ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ದಾರಿಯಲ್ಲಿ ತಂದಿಳಿಸಿದರು. ಹೆದರಿಕೊಂಡ ಅಮ್ಮಂದಿರಿಗೆ ಇದನ್ನು ಹೇಳಲು ನನಗೆ ಬಹಳ ಖುಷಿ.

ಕಷ್ಟ ಇರುವುದು ಹೊತ್ತಿನಲ್ಲಿ. ಟಿಕೆಟ್ ಮೇಲೆ ಆಯಾ ಊರಿನ ಸಮಯ ಇರುತ್ತದೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೂ ಅಲ್ಲಿ ಇಳಿಯುವುದು ಅದೇ ದಿನ ಸಂಜೆ 4.30ಕ್ಕೆ. "ಬರೀ ಎರಡೂವರೆ ತಾಸಾ ಮಾರಾಯ್ರೆ?" ಎಂದು ಕೇಳಿದವರಿದ್ದಾರೆ. ತಪ್ಪೇನಿಲ್ಲ, ಕಾಗದದಲ್ಲಿ ಇರುವುದೇ ಹಾಗೆ. ವಾಪಸ್ ಬರುವಾಗ ಉಲ್ಟಾ, ತಾರೀಕು ಎರಡು ದಿನ ಮುಂದೆ ಹೋದಂತೆ ಕಾಣುತ್ತದೆ. ಬರುವ ಪ್ರಯಾಣ ನಿಜಕ್ಕೂ ಒಂದೆರಡು ಗಂಟೆ ಜಾಸ್ತಿಯೇ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಗಾಳಿ ಹೋಗುವಾಗ ನೂಕುತ್ತದೆ, ಬರುವಾಗ ಆ ಸಹಾಯ ಇರುವುದಿಲ್ಲ.

ಅದಕ್ಕೇ ನಾನು ಒಂದು ಚೀಟಿ ಬರೆದು ಟಿಕೆಟ್‌ಗೆ ಪಿನ್ ಮಾಡುತ್ತೇನೆ. ಎಡಗಡೆ ನಮ್ಮೂರ ಸಮಯ, ಬಲಗಡೆ ಅಲ್ಲಿಯ ಸಮಯ. ನಡುವೆ ಊಟ ಎಷ್ಟೊತ್ತಿಗೆ, ಬಿಪಿ ಮಾತ್ರೆ ಎಷ್ಟೊತ್ತಿಗೆ ಎಂದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮಾತ್ರ, ಮೊದಲು ನಿಮ್ಮ ಡಾಕ್ಟರನ್ನು ಕೇಳಿ ಬನ್ನಿ ಎನ್ನುತ್ತೇನೆ.

ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ನಾನು ಒತ್ತಿ ಹೇಳುವುದು ಬೇರೆ: ಮನೆ ಬಾಗಿಲಿನಿಂದ ಲೆಕ್ಕ ಹಾಕಿ. ನಮ್ಮ ಶಿವಮೊಗ್ಗ ವಿಮಾನ ನಿಲ್ದಾಣವಿರುವ ಸೋಗಾನೆಯಿಂದ ಬೆಂಗಳೂರು ಆಕಾಶದಲ್ಲಿ ಸುಮಾರು 240 ಕಿ.ಮೀ. ಎಟಿಆರ್ ಎಂಬ ಸಣ್ಣ ವಿಮಾನದ ವೇಗಕ್ಕೆ ಅರ್ಧ ಗಂಟೆಯ ದಾರಿ, ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಮೇಲಿರುತ್ತದೆ. ರನ್‌ವೇವರೆಗೆ ಹೋಗುವುದು, ಏರುವುದು, ಇಳಿಯುವುದು, ಎಲ್ಲಾ ಸೇರಬೇಕಲ್ವಾ. ಆಷಾಢದ ಮಳೆಯಲ್ಲಿ, ಮೋಡ ನೆಲಕ್ಕಿಳಿದ ದಿನ, ಆ ಲೆಕ್ಕವೂ ಕೈಕೊಡುತ್ತದೆ. ಎರಡು ಟಿಕೆಟ್ ಬೇರೆ ಬೇರೆ ಮಾಡಿಸಿದ್ದರೆ, ಮೊದಲ ವಿಮಾನ ತಡವಾಯಿತೆಂದು ಎರಡನೆಯವರು ಕಾಯುವುದಿಲ್ಲ. ದುಡ್ಡೂ ಹೋಗುತ್ತದೆ. ಮಳೆಗಾಲದಲ್ಲಿ ಹೊರಡುವ ಹಿರಿಯರಿಗೆ ನಾನು ಹಿಂದಿನ ದಿನದ ರೈಲಿಗೇ ಸೀಟು ಮಾಡಿಸುತ್ತೇನೆ. ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಮತ್ತೆ 35 ಕಿ.ಮೀ. ಇದೆ, ಅದನ್ನೂ ಚೀಟಿಯಲ್ಲಿ ಬರೆಯುತ್ತೇನೆ.

ಆಮೇಲೆ ಚೀಟಿಯ ಫೋಟೋ ಅಮೆರಿಕದ ಮಗಳಿಗೋ ಮಗನಿಗೋ ವಾಟ್ಸಾಪ್ ಮಾಡುತ್ತೇನೆ. ಇಳಿದ ಕೂಡಲೇ ಅಪ್ಪ ಅಮ್ಮ ಹೊರಗೆ ಬರುವುದಿಲ್ಲ, ಇಮಿಗ್ರೇಷನ್ ಸಾಲಿದೆ, ಗಾಬರಿಯಾಗಬೇಡಿ ಎಂದು ಕೆಳಗೆ ಸೇರಿಸಿರುತ್ತೇನೆ.