ಕಣ್ಣಿಗೆ ಬಿದ್ದ ಕಲ್ಲಿದ್ದಲ ಚೂರು

ಸಾಗರದ ಜಂಬಗಾರು ನಿಲ್ದಾಣದಲ್ಲಿ ಅಪ್ಪನದೊಂದು ಚಹಾ ಅಂಗಡಿ ಇತ್ತು. ತಾಳಗುಪ್ಪಕ್ಕೆ ಮೀಟರ್ ಗೇಜ್ ಬಂಡಿ ಓಡುತ್ತಿದ್ದ ಕಾಲ. ಶಾಲೆ ಬಿಟ್ಟ ಮೇಲೆ ಗ್ಲಾಸು ತೊಳೆಯುವುದು ನನ್ನ ಪಾಲಿನ ಕೆಲಸ. ಉಗಿ ಎಂಜಿನ್ ಬಂದು ನಿಂತರೆ ಕಣ್ಣಿಗೆ ಕಲ್ಲಿದ್ದಲ ಚೂರು ಬೀಳದ ದಿನವೇ ಕಡಿಮೆ. "ಉಜ್ಜಬೇಡ" ಎಂದು ಗದರಿ, ಅಪ್ಪ ಹೆಗಲ ಮೇಲಿನ ಟವೆಲಿನ ತುದಿಯನ್ನು ಹುರಿ ಮಾಡಿ, ನೀರಿನಲ್ಲಿ ಅದ್ದಿ, ರೆಪ್ಪೆ ಮೇಲೆತ್ತಿ ಚೂರು ತೆಗೆಯುತ್ತಿದ್ದರು. ಆಗ ಅವರ ಬೆರಳಿನ ಶುಂಠಿ ವಾಸನೆ ಮೂಗಿಗೆ ಬಡಿಯುತ್ತಿತ್ತು.

1945ರ ಇಂಗ್ಲಿಷ್ ಚಿತ್ರ 'ಬ್ರೀಫ್ ಎನ್‌ಕೌಂಟರ್'ನಲ್ಲಿ ಪ್ರೀತಿ ಶುರುವಾಗುವುದು ಇಂಥದೇ ಚೂರಿನಿಂದ. ವೇಗದ ರೈಲೊಂದು ಹಾದುಹೋಗುತ್ತದೆ, ಲಾರಾಳ ಕಣ್ಣಿಗೆ ಕಸ ಬೀಳುತ್ತದೆ, ನಿಲ್ದಾಣದ ಚಹಾ ಕೋಣೆಯಲ್ಲಿದ್ದ ಡಾಕ್ಟರ್ ಅಲೆಕ್ ಕರವಸ್ತ್ರದ ತುದಿಯಿಂದ ಅದನ್ನು ತೆಗೆಯುತ್ತಾನೆ. ಇಬ್ಬರಿಗೂ ಮದುವೆಯಾಗಿದೆ, ಮಕ್ಕಳಿದ್ದಾರೆ. ಗುರುವಾರಗಳಂದು ಭೇಟಿಯಾಗುತ್ತಾರೆ, ಕೆಲವೇ ವಾರಗಳಲ್ಲಿ ಅಗಲುತ್ತಾರೆ. ಕಥೆ ಇಷ್ಟೇ. ಪುನರ್ವಸು ಮಳೆ ಹಿಡಿದು ಮನೆಯಿಂದ ಹೊರಗೆ ಕಾಲಿಡಲಾಗದ ದಿನಗಳಲ್ಲಿ ಅದನ್ನು ಮತ್ತೊಮ್ಮೆ ನೋಡಿದೆ. ಈ ಸಲ ಪ್ರೇಮಿಗಳಿಗಿಂತ ಹೆಚ್ಚಾಗಿ ಅವರ ಸುತ್ತ ಇರುವವರನ್ನೇ ನೋಡುತ್ತ ಕುಳಿತೆ.

ಮೊದಲು ಮಿರ್ಟಲ್ ಬ್ಯಾಗಟ್. ಚಹಾ ಕೋಣೆಯ ಒಡತಿ. ಕೌಂಟರಿನ ಹಿಂದೆ ಆಕೆ ನಿಲ್ಲುವ ರೀತಿ ನನಗೆ ಚೆನ್ನಾಗಿ ಗೊತ್ತು. ಅಂಗಡಿ ಚಿಕ್ಕದಾದರೂ ಅಲ್ಲಿ ತನ್ನ ಮಾತೇ ನಡೆಯಬೇಕು ಎನ್ನುವ ನಿಲುವು ಅದು. ಮದ್ಯ ಮಾರುವ ಹೊತ್ತು ಮೀರಿದ ಮೇಲೆ ಇಬ್ಬರು ಸೈನಿಕರು ಮದ್ಯ ಕೇಳಿ ಜಬರದಸ್ತು ಮಾಡಿದಾಗ ಆಕೆ ಜಗ್ಗುವುದಿಲ್ಲ. ಟಿಕೆಟ್ ತಪಾಸಕ ಆಲ್ಬರ್ಟ್ ಸಲುಗೆ ತೋರಿಸಲು ಹೋಗಿ ಆಕೆಯ ಬ್ಯಾನ್‌ಬರಿ ಕೇಕುಗಳು ನೆಲಕ್ಕುರುಳಿದಾಗ ಅವಳ ಗಮನ ಹೋಗುವುದು ಕೇಕಿನ ಕಡೆಗೆ. ಇದನ್ನು ಹಗುರ ಹಾಸ್ಯವೆಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಿದ್ದ ಬನ್ನಿನ ಲೆಕ್ಕ ಯಾರ ಗಂಟಿಗೆ ಎಂಬುದು ಅಂಗಡಿ ಇಟ್ಟವರಿಗೆ ಗೊತ್ತು.

ಈ ಪಾತ್ರ ಮಾಡಿದ ಜಾಯ್ಸ್ ಕೇರಿ 1936ರಲ್ಲಿ ರಂಗದ ಮೇಲೂ ಮಿರ್ಟಲ್ ಆಗಿದ್ದರು. ಚಿತ್ರಕ್ಕೆ ಮೂಲ ನೋಯೆಲ್ ಕವರ್ಡ್ ಬರೆದ 'ಸ್ಟಿಲ್ ಲೈಫ್' ಎಂಬ ಚಿಕ್ಕ ನಾಟಕ. ಅದು ಪೂರ್ತಿ ನಡೆಯುವುದು ಚಹಾ ಕೋಣೆಯೊಳಗೇ. ನಾಟಕದಲ್ಲಿ ಪ್ರೇಮಿಗಳಾಗಿದ್ದವರು ಕವರ್ಡ್ ಮತ್ತು ಗರ್ಟ್ರೂಡ್ ಲಾರೆನ್ಸ್. ಒಂಬತ್ತು ವರ್ಷಗಳ ನಂತರ ಚಿತ್ರವಾದಾಗ ಪ್ರೇಮಿಗಳು ಬದಲಾದರು, ಮಿರ್ಟಲ್ ಬದಲಾಗಲಿಲ್ಲ. ಆಲ್ಬರ್ಟ್ ಆಗಿ ಸ್ಟ್ಯಾನ್ಲಿ ಹಾಲೊವೇ ಬಂದರು.

ಹೊರಗಿನ ನಿಲ್ದಾಣದ ದೃಶ್ಯಗಳನ್ನು ಇಂಗ್ಲೆಂಡಿನ ಲ್ಯಾಂಕಷೈರ್‌ನ ಕಾರ್ನ್‌ಫೋರ್ತ್‌ನಲ್ಲಿ 1945ರ ಫೆಬ್ರುವರಿಯಲ್ಲಿ ಚಿತ್ರಿಸಿದರು. ಯುದ್ಧ ಇನ್ನೂ ಮುಗಿದಿರಲಿಲ್ಲ. ಊರು ವಾಯವ್ಯಕ್ಕೆ ದೂರದಲ್ಲಿದ್ದುದರಿಂದ, ವಿಮಾನ ದಾಳಿಯ ಎಚ್ಚರಿಕೆ ಬಂದರೂ ದೀಪ ಆರಿಸಲು ಸಮಯ ಸಿಗುತ್ತದೆ ಎಂಬ ಲೆಕ್ಕ. ಹಗಲಿನ ಸಂಚಾರಕ್ಕೆ ಅಡ್ಡಿಯಾಗದಂತೆ ರಾತ್ರಿ ಕೆಲಸ, ಅದೂ ಕೊರೆಯುವ ಚಳಿಯಲ್ಲಿ. ಚಹಾ ಕೋಣೆಯನ್ನು ಮಾತ್ರ ಡೆನ್‌ಹ್ಯಾಮ್ ಸ್ಟುಡಿಯೊದೊಳಗೆ ಕಟ್ಟಿದ್ದರು. ಈಗ ಕಾರ್ನ್‌ಫೋರ್ತ್‌ನಲ್ಲಿ ಆ ಸೆಟ್ಟಿನ ಮಾದರಿಯಲ್ಲೇ ನಿಜವಾದ ಚಹಾ ಕೋಣೆ ಇದೆ, ಹಳೆಯ ಗಡಿಯಾರವೂ ಇದೆ. ನಮ್ಮ ದಾರಿಯ ಅರಸಾಳು ನಿಲ್ದಾಣವೂ ಹೀಗೇ. ಶಂಕರ್‌ನಾಗ್ ಅದನ್ನು ಮಾಲ್ಗುಡಿ ಮಾಡಿಹೋದರು, ಹಳೆಯ ಕಟ್ಟಡ ಈಗ ಮಾಲ್ಗುಡಿ ವಸ್ತುಸಂಗ್ರಹಾಲಯ.

ಲಾರಾ ಆದ ಸೀಲಿಯಾ ಜಾನ್ಸನ್‌ಗೆ ಆಗ ಮೂವತ್ತಾರು. ಗಂಡ ಪೀಟರ್ ಫ್ಲೆಮಿಂಗ್ ಯುದ್ಧದ ಕೆಲಸದಲ್ಲಿ ನಮ್ಮ ದೆಹಲಿಯ ಕಡೆಗಿದ್ದರು. ಶತ್ರುವನ್ನು ದಾರಿತಪ್ಪಿಸುವ ವಿಭಾಗ ಅವರದು. ಎಲ್ಲೋ ಸಮುದ್ರದಾಚೆ ಗಂಡನಿರುವ ಹೆಂಗಸು, ನಡುರಾತ್ರಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಇನ್ನೊಬ್ಬನನ್ನು ಬೀಳ್ಕೊಡುವ ನಟನೆ ಮಾಡಿದ್ದಾಳೆ ಎನ್ನುವುದು ಗೊತ್ತಾದ ಮೇಲೆ ಆ ದೊಡ್ಡ ಕಣ್ಣುಗಳನ್ನು ನಾನು ಬೇರೆ ರೀತಿ ನೋಡತೊಡಗಿದೆ. ಅಲೆಕ್ ಪಾತ್ರದ ಟ್ರೆವರ್ ಹವರ್ಡ್ ಆಗಿನ್ನೂ ಚಿತ್ರರಂಗಕ್ಕೆ ಹೊಸಬರು.

ನಿರ್ದೇಶಕ ಡೇವಿಡ್ ಲೀನ್ ಕ್ವೇಕರ್ ಎಂಬ ಸರಳ ಬದುಕಿನ ಕ್ರೈಸ್ತ ಪಂಥದ ಮನೆತನದವರು. ಬಾಲ್ಯದಲ್ಲಿ ಸಿನಿಮಾ ನೋಡುವುದು ನಿಷಿದ್ಧ. ಮುಂದೆ ಸಂಕಲನಕಾರರಾಗಿ ಪಳಗಿ ನಿರ್ದೇಶನಕ್ಕೆ ಬಂದವರು. ದಶಕಗಳ ನಂತರ ತಮ್ಮ ಕೊನೆಯ ಚಿತ್ರಕ್ಕಾಗಿ ನಮ್ಮ ಸಾವನದುರ್ಗದ ಬಂಡೆಗಳವರೆಗೂ ಬಂದರು. ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್. ಅಲೆಕ್ ಹೋದ ಮೇಲೆ ಲಾರಾ ಹಳಿಯ ಕಡೆಗೆ ಓಡುವಾಗ ಇಡೀ ಚೌಕಟ್ಟು ನಿಧಾನವಾಗಿ ವಾಲುತ್ತದೆ, ಹಾದುಹೋಗುವ ರೈಲಿನ ಕಿಟಕಿಗಳ ಬೆಳಕು ಆಕೆಯ ಮುಖಕ್ಕೆ ಬಡಿದು ಬಡಿದು ಹೋಗುತ್ತದೆ. ಒಂದು ಮಾತೂ ಇಲ್ಲ. ಚಿತ್ರದುದ್ದಕ್ಕೂ ಕೇಳಿಬರುವ, ರಷ್ಯದ ಸಂಗೀತಕಾರ ರಾಖ್ಮನಿನೋಫ್‌ನ ಎರಡನೇ ಪಿಯಾನೋ ಕಾನ್ಸರ್ಟೋ ನುಡಿಸಿದವರು ಐಲೀನ್ ಜಾಯ್ಸ್. ತೆರೆಯ ಮೇಲೆ ಕಾಣದ ಆ ಹತ್ತು ಬೆರಳುಗಳೂ ಲಾರಾಳ ಪಾತ್ರ ಮಾಡಿವೆ ಎಂದೇ ನನ್ನ ನಂಬಿಕೆ. 1946ರ ಕಾನ್ ಚಿತ್ರೋತ್ಸವದಲ್ಲಿ ಹಿರಿಯ ಬಹುಮಾನ ಹಂಚಿಕೊಂಡ ಚಿತ್ರಗಳಲ್ಲಿ ಇದೂ ಒಂದು. ಚೇತನ್ ಆನಂದರ 'ನೀಚಾ ನಗರ್' ಕೂಡ ಅದೇ ಸಾಲಿನಲ್ಲಿತ್ತು.

ಆದರೆ ನಾನು ಮತ್ತೆ ಮತ್ತೆ ಹಿಂದಕ್ಕೆ ಸರಿಸಿ ನೋಡಿದ್ದು ಡಾಲಿಯನ್ನು. ಎವರ್ಲಿ ಗ್ರೆಗ್ ಮಾಡಿದ ಪಾತ್ರ. ಇವರೂ ನಾಟಕದಿಂದ ಬಂದವರೇ. ಪ್ರೇಮಿಗಳ ಕೊನೆಯ ನಿಮಿಷಗಳಲ್ಲಿ, ಪರಿಚಯದ ಈ ಹೆಂಗಸು ಚೀಲಗಳ ಸಮೇತ ಬಂದು ಅದೇ ಮೇಜಿಗೆ ಕೂರುತ್ತಾಳೆ, ಮಾತಿಗೆ ತೊಡಗುತ್ತಾಳೆ, ನಿಲ್ಲಿಸುವುದಿಲ್ಲ. ರೈಲಿನ ಹೊತ್ತಾಗುತ್ತದೆ. ಅಲೆಕ್ ಎದ್ದು, ಲಾರಾಳ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು ಒತ್ತಿ, ಹೊರಟುಹೋಗುತ್ತಾನೆ. ಚಿತ್ರ ಶುರುವಾಗುವುದೇ ಈ ದೃಶ್ಯದಿಂದ. ಆಗ ನಮಗೆ ಅದು ಏನೂ ಅಲ್ಲ. ಕೊನೆಯಲ್ಲಿ ಅದೇ ದೃಶ್ಯ ಮರಳಿ ಬಂದಾಗ ಉಸಿರು ಕಟ್ಟುತ್ತದೆ.

ನನಗೆ ಹತ್ತೋ ಹನ್ನೊಂದೋ ವಯಸ್ಸು. ಅಂಗಡಿಯ ಬೆಂಚಿನ ಮೇಲೆ ಒಬ್ಬ ತರುಣ, ಒಬ್ಬ ತರುಣಿ, ನಡುವೆ ಆಕೆಯ ಸೋದರತ್ತೆ ಇರಬೇಕು, ಅಡಿಕೆ ಕೊಯಿಲಿಗೆ ಆಳು ಸಿಗದ ಕಥೆ ಹೇಳುತ್ತಲೇ ಇದ್ದರು. ಬಂಡಿ ಕೂಗಿತು. ತರುಣ ಎದ್ದು, ತರುಣಿಯ ಕೈಚೀಲದ ಹಿಡಿಯನ್ನು ಸುಮ್ಮನೆ ಒಮ್ಮೆ ಮುಟ್ಟಿ, ಮಳೆಯಲ್ಲೇ ಬಂಡಿಯತ್ತ ನಡೆದ. ಅವನು ಚಹಾದ ಕಾಸು ಕೊಟ್ಟಿರಲಿಲ್ಲ. ಕರೆಯಲೆಂದು ನಾನು ಬಾಯಿ ತೆರೆದೆ. ಅಪ್ಪ ತಲೆ ಎತ್ತದೆ, ಕೈಯಲ್ಲೇ ಬೇಡವೆಂದು ಸನ್ನೆ ಮಾಡಿ, ಸ್ಟೌವಿಗೆ ಗಾಳಿ ಹಾಕತೊಡಗಿದರು.

ಅವನ ಗ್ಲಾಸಿನಲ್ಲಿ ಅರ್ಧ ಚಹಾ ಹಾಗೇ ಉಳಿದಿತ್ತು. ಅತ್ತೆ ಇನ್ನೂ ಮಾತನಾಡುತ್ತಿದ್ದರು. ನಾನು ಗ್ಲಾಸು ಎತ್ತಿಕೊಂಡು ಹೋಗಿ ತೊಳೆದೆ.